ಮೊದಲು ಹಾಲು, ಆಮೇಲೆ ಚಿನ್ನ: ಪರದೇಶದಲ್ಲಿ ಸಾಫ್ಟಿ ತಿನ್ನುವವರಿಗೆ

ಮಾಟುಂಗಾದ ಕರ್ನಾಟಕ ಸಂಘದಲ್ಲಿ ಕಾರ್ಯಕ್ರಮ ಮುಗಿದು ಎಲ್ಲರೂ ಚಾ ಹಿಡಿದು ನಿಂತಿದ್ದಾಗ ಡೊಂಬಿವಲಿಯ ಗೆಳತಿಯೊಬ್ಬಳು ಹತ್ತಿರ ಬಂದು ಕೇಳಿದಳು: "ಜುಲೈಯಲ್ಲಿ ಜಪಾನಿಗೆ ಹೊರಟಿದ್ದೇವೆ ಮಾರಾಯ್ತಿ. ಅಲ್ಲಿ ಸಾಫ್ಟಿ ಭಾರೀ ಲಾಯ್ಕಂತಲ್ಲ, ನೀನು ಎಲ್ಲಿ ತಿಂದದ್ದು?" ಬುಲೆಟ್ ಟ್ರೇನಿನ ಸುದ್ದಿ ಇಲ್ಲ, ದೇವಸ್ಥಾನದ ಸುದ್ದಿ ಇಲ್ಲ, ನೇರವಾಗಿ ಸಾಫ್ಟಿಗೇ, ಅಂದರೆ ಯಂತ್ರದಿಂದ ಸುರುಳಿಯಾಗಿ ಇಳಿಯುವ ಮೆತ್ತನೆ ಐಸ್‌ಕ್ರೀಮಿಗೇ ಬಂದಳು. ನನಗೆ ಖುಷಿಯಾಯಿತು. ಮನೆಯಲ್ಲಿ ಯಾರೂ ಕೇಳದ ನನ್ನ ಪಾಂಡಿತ್ಯವನ್ನೆಲ್ಲ ದಾದರ್ ಸ್ಟೇಷನ್ ಬರುವವರೆಗೂ ಅವಳ ತಲೆಗೆ ತುಂಬಿದೆ. ಅದನ್ನೇ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ನಾವು ಹೋದದ್ದು ಮೂವರು: ನಾನು, ಕುಂದಾಪುರದ ಅಪ್ಪಟ ಸಸ್ಯಾಹಾರಿ ಅಮ್ಮ, ಮತ್ತು ತಂಗಿಯ ಮಗ. ಹತ್ತು ದಿನದಲ್ಲಿ ಎಷ್ಟು ಸಾಫ್ಟಿ ತಿಂದೆವು ಎಂದು ಲೆಕ್ಕ ಇಟ್ಟವನು ಹುಡುಗ. ಆ ಸಂಖ್ಯೆ ಅವನ ಅಪ್ಪನಿಗೆ ಗೊತ್ತಾಗುವುದು ಬೇಡ.

ಹೊರಡುವ ವಾರ, ಮುಂಬಯಿಯಲ್ಲೇ

ಮೊದಲ ಹೆಜ್ಜೆ ಪಾಸ್‌ಪೋರ್ಟ್ ಅಲ್ಲ, ನಾಲಗೆ. ಒಂದು ಸಂಜೆ ಮೂರು ತಿನಿಸುಗಳನ್ನು ಒಂದರ ಹಿಂದೆ ಒಂದು ತಿಂದು ನೋಡಿ: ಒಂದು ಮಲಾಯ್ ಕುಲ್ಫಿ, ನ್ಯಾಚುರಲ್ಸ್‌ನ ಒಂದು ಸ್ಕೂಪ್ ಮಲಾಯ್, ಮಾಲ್‌ನಲ್ಲಿ ಸಿಗುವ ಒಂದು ಸಾದಾ ವೆನಿಲಾ ಸಾಫ್ಟಿ. (ನ್ಯಾಚುರಲ್ಸ್ ಕಟ್ಟಿದ ರಘುನಂದನ ಕಾಮತ್ ನಮ್ಮ ಮೂಲ್ಕಿ ಕಡೆಯವರು, 1984ರಲ್ಲಿ ಜುಹುವಿನಲ್ಲಿ ಮೊದಲ ಅಂಗಡಿ ತೆರೆದರು. ಐಸ್‌ಕ್ರೀಮ್ ವಿಷಯದಲ್ಲಿ ಮುಂಬಯಿ ಕನ್ನಡಿಗರು ಸ್ವಲ್ಪ ಜಂಬ ಪಟ್ಟರೆ ತಪ್ಪಿಲ್ಲ.)

ಕುಲ್ಫಿ ಹಲ್ಲಿಗೆ ಸಿಗುತ್ತದೆ. ಹಾಲನ್ನು ಇಂಗಿಸಿ ಅಚ್ಚಿಗೆ ಹೊಯ್ದು ಗಟ್ಟಿ ಮಾಡಿದ್ದು, ಕಡೆದದ್ದಲ್ಲ. ಹಾಗಾಗಿ ಒಳಗೆ ಗಾಳಿ ಇಲ್ಲ. ಸಾಫ್ಟಿಯ ಕತೆ ಬೇರೆ. ಯಂತ್ರದ ಒಳಗಿನ ತಣ್ಣನೆಯ ಉರುಳೆಯಲ್ಲಿ ಮಿಶ್ರಣವನ್ನು ಕಡೆಯುತ್ತಲೇ ಇರುವುದರಿಂದ ಅದರೊಳಗೆ ಗಾಳಿ ಸೇರುತ್ತದೆ. 100 ಮಿಲಿಲೀಟರ್ ಮಿಶ್ರಣ 140 ಆಗಿ ಹೊರಗೆ ಬಂದರೆ ನಿಮ್ಮ ಕೋನ್‌ನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಗಾಳಿಯೇ. ಅದನ್ನು ಮೋಸ ಎನ್ನಬೇಡಿ. ಇಡ್ಲಿ ಹಿಟ್ಟು ಉಬ್ಬದಿದ್ದರೆ ಇಡ್ಲಿ ಕಲ್ಲಾಗುತ್ತದಲ್ಲ, ಹಾಗೆಯೇ. ಆದರೆ ಹಿಟ್ಟು ಅತಿಯಾಗಿ ಉಬ್ಬಿದರೆ ಏನಾಗುತ್ತದೆ ಎಂಬುದೂ ನಮಗೆ ಗೊತ್ತು. ಗಾಳಿ ಜಾಸ್ತಿಯಾದ ಸಾಫ್ಟಿ ಬಾಯಲ್ಲಿ ನೊರೆಯಂತೆ ಕರಗಿ ಹೋಗುತ್ತದೆ, ಸಕ್ಕರೆ ಮಾತ್ರ ಉಳಿಯುತ್ತದೆ.

ಎರಡನೆಯದು ಚಳಿ. ಸ್ಕೂಪ್ ತೆಗೆಯುವ ಐಸ್‌ಕ್ರೀಮ್ ಮೈನಸ್ 12ರಿಂದ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಸಾಫ್ಟಿ ಯಂತ್ರದಿಂದ ಹೊರಬೀಳುವುದು ಮೈನಸ್ 4ರಿಂದ 6ರಲ್ಲಿ. ಅಷ್ಟು ಚಳಿ ಇಲ್ಲದ್ದರಿಂದ ನಾಲಗೆ ಜೋಮು ಹಿಡಿಯುವುದಿಲ್ಲ, ಹಾಲಿನ ರುಚಿ ಬೇಗ ತಿಳಿಯುತ್ತದೆ. ಹಾಲು ಕಳಪೆಯಾದರೆ ಅದೂ ಅಷ್ಟೇ ಬೇಗ ತಿಳಿಯುತ್ತದೆ.

ಮೂರನೆಯದು ಕೊಬ್ಬು. ಸಾಮಾನ್ಯ ಸಾಫ್ಟಿಯಲ್ಲಿ ಹಾಲಿನ ಕೊಬ್ಬು ಶೇಕಡಾ 3ರಿಂದ 6. ನಮ್ಮ ದೇಶದ ಆಹಾರ ನಿಯಮದಲ್ಲಿ ಬರೀ ಐಸ್‌ಕ್ರೀಮ್ ಎಂದು ಬರೆಯಬೇಕಾದರೆ ಕನಿಷ್ಠ ಶೇಕಡಾ 10 ಹಾಲಿನ ಕೊಬ್ಬು ಇರಬೇಕು. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಹಾಕಿದರೆ ಅದು ಫ್ರೋಜನ್ ಡೆಸರ್ಟ್. ಮಾಲ್‌ನ ಮೆನುವಿನ ಕೆಳಗೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಎಂದು ಒಮ್ಮೆ ಓದಿ ನೋಡಿ. ಎಣ್ಣೆಯದಾದರೆ ತಿಂದು ಮುಗಿಸಿದ ಮೇಲೂ ಅಂಗುಳಿಗೆ ಮೇಣ ಹಚ್ಚಿದಂತೆ ಒಂದು ಪದರ ಉಳಿಯುತ್ತದೆ. ಬೆಣ್ಣೆಕೊಬ್ಬು ಮೈಬಿಸಿಗೆ ಕರಗುತ್ತದೆ, ಹಾಗೆ ಅಂಟಿ ಕೂರುವುದಿಲ್ಲ. ಈ ವ್ಯತ್ಯಾಸ ಮುಂಬಯಿಯಲ್ಲೇ ನಾಲಗೆಗೆ ಗೊತ್ತಾದರೆ ಮುಂದೆ ನಿಮಗೆ ಯಾರ ರಿವ್ಯೂವೂ ಬೇಡ.

ಕೆಲವು ಸಾಫ್ಟಿಗೆ ಪ್ರೀಮಿಯಂ ಎಂದು ಹೆಸರಿಟ್ಟು ಹೆಚ್ಚು ದುಡ್ಡು ಕೇಳುತ್ತಾರಲ್ಲ, ಆ ಪ್ರೀಮಿಯಂ ಎಂದರೆ ಏನು ಎಂಬುದಕ್ಕೆ ಉತ್ತರ ಇಷ್ಟೇ: ಗಾಳಿ ಕಡಿಮೆ, ಹಾಲಿನ ಕೊಬ್ಬು ಜಾಸ್ತಿ, ಹಾಲು ತಾಜಾ, ಯಂತ್ರ ಸ್ವಚ್ಛ. ಮೇಲೆ ಉದುರಿಸುವ ಬಣ್ಣದ ಹರಳು, ಬಿಸ್ಕತ್ತು, ಸಾಸು ಇವೆಲ್ಲ ಬೆಲೆ ಏರಿಸುವ ಅಲಂಕಾರ.

ಯಾವ ದೇಶದಲ್ಲಿ ಯಾವುದನ್ನು

ಈ ತಿನಿಸು ಹುಟ್ಟಿದ್ದು ಅಮೆರಿಕದಲ್ಲಿ. 1934ರಲ್ಲಿ ಟಾಮ್ ಕಾರ್ವೆಲ್ ಎಂಬವರ ಐಸ್‌ಕ್ರೀಮ್ ಟ್ರಕ್ಕು ನ್ಯೂಯಾರ್ಕ್ ರಾಜ್ಯದ ಹಾರ್ಟ್ಸ್‌ಡೇಲ್‌ನಲ್ಲಿ ಟೈರ್ ಪಂಕ್ಚರ್ ಆಗಿ ನಿಂತಿತಂತೆ. ಕರಗುತ್ತಿದ್ದ ಮಾಲನ್ನು ಹಾಗೇ ಮಾರಿದಾಗ ಜನ ಅದನ್ನೇ ಹೆಚ್ಚು ಇಷ್ಟಪಟ್ಟರು ಎಂಬುದು ಅವರು ಕಟ್ಟಿದ ಕಾರ್ವೆಲ್ ಕಂಪನಿ ಹೇಳಿಕೊಂಡು ಬಂದ ಕತೆ. ಇನ್ನೊಂದು ಸಾಫ್ಟಿ ಕಂಪನಿಯಾದ ಡೈರಿ ಕ್ವೀನ್‌ನವರು ತಮ್ಮ ಲೆಕ್ಕವನ್ನು ಇಲಿನಾಯ್‌ನ ಕಂಕಕೀ ಊರಿನಲ್ಲಿ 1938ರ ಆಗಸ್ಟ್ 4ರಂದು ನಡೆದ ಮಾರಾಟದಿಂದ ಶುರು ಮಾಡುತ್ತಾರೆ. ಯಾರು ಮೊದಲು ಎಂಬ ಜಗಳ ನಮಗೆ ಬೇಡ. ಅಮೆರಿಕಕ್ಕೆ ಹೋಗುವವರು ಒಂದು ಮಾತು ನೆನಪಿಡಿ: ಫ್ರೋಜನ್ ಕಸ್ಟರ್ಡ್ ಎಂಬ ಬೋರ್ಡು ಕಂಡರೆ ಅದು ನೋಡಲು ಸಾಫ್ಟಿಯಂತೆಯೇ ಇರುತ್ತದೆ, ಆದರೆ ಅದರಲ್ಲಿ ಮೊಟ್ಟೆಯ ಹಳದಿ ಇರಲೇಬೇಕು ಎಂಬುದು ಅಲ್ಲಿನ ಕಾನೂನು.

ಲಂಡನ್ನಿಗೆ ಹೋದವರು ಐಸ್‌ಕ್ರೀಮ್ ವ್ಯಾನಿನ ಮುಂದೆ ನಿಂತು 99 ಕೇಳುತ್ತಾರೆ, ಸಾಫ್ಟಿಗೆ ಕ್ಯಾಡ್‌ಬರಿ ಫ್ಲೇಕ್ ಎಂಬ ಚಾಕೊಲೇಟ್ ಕಡ್ಡಿ ಚುಚ್ಚಿ ಕೊಡುತ್ತಾರೆ. ಮಜಾ ಉಂಟು. ಆದರೆ ಅಲ್ಲಿನ ಎಷ್ಟೋ ವ್ಯಾನುಗಳ ಮಿಶ್ರಣದಲ್ಲಿ ಸಸ್ಯಜನ್ಯ ಕೊಬ್ಬು ಇರುವುದರಿಂದ ಅದನ್ನು ಪ್ರೀಮಿಯಂ ಪಟ್ಟಿಗೆ ಸೇರಿಸುವುದಿಲ್ಲ ನಾನು. ಹಾಂಗ್‌ಕಾಂಗಿನಲ್ಲಿ ಕೆಂಪು, ಬಿಳಿ, ನೀಲಿ ಬಣ್ಣದ ಸಾಫ್ಟಿ ಗಾಡಿ 'ಬ್ಲೂ ಡ್ಯಾನ್ಯೂಬ್' ರಾಗ ಹಾಕಿಕೊಂಡು ಬರುತ್ತದೆ. ಅದನ್ನು ರುಚಿಗಿಂತ ರಾಗಕ್ಕಾಗಿ ತಿನ್ನಬೇಕು. ಅಮೆರಿಕಕ್ಕೆ ನ್ಯೂಯಾರ್ಕ್ ಕಡೆಯಿಂದ ಇಳಿಯುವವರಾದರೆ ಮಿಲ್ಕ್ ಬಾರ್ ಎಂಬ ಅಂಗಡಿಯ ಸೀರಿಯಲ್ ಮಿಲ್ಕ್ ಸಾಫ್ಟಿ ಒಮ್ಮೆ ತಿನ್ನಿ. ಕಾರ್ನ್‌ಫ್ಲೇಕ್ಸ್ ತಿಂದು ಬಟ್ಟಲಿನ ತಳದಲ್ಲಿ ಉಳಿದ ಹಾಲಿನ ರುಚಿ ಅದು, ಮಕ್ಕಳಿಗೆ ತಕ್ಷಣ ಗುರುತು ಸಿಗುತ್ತದೆ.

ಆದರೆ ಪ್ರವಾಸದ ಹಣವನ್ನು ಸಾಫ್ಟಿಗೆಂದೇ ಖರ್ಚು ಮಾಡುವ ಹುಚ್ಚು ನಿಮಗಿದ್ದರೆ ಜಪಾನೇ ಸರಿ. ಅಲ್ಲಿ ಇದು ಬಂದದ್ದು 1951ರಲ್ಲಿ, ಟೋಕಿಯೋದ ಮೇಜಿ ಜಿಂಗು ಗಾಯೆನ್‌ನಲ್ಲಿ ಅಮೆರಿಕದವರು ನಡೆಸಿದ ಒಂದು ಉತ್ಸವದಲ್ಲಿ. ಆ ದಿನ ಜುಲೈ 3, ಈಗಲೂ ಅವರಿಗೆ ಅದು ಸಾಫ್ಟ್ ಕ್ರೀಮ್ ದಿನ. ಊರೂರಿಗೆ ಒಂದು ರುಚಿ. ಉಜಿಯಲ್ಲಿ ಮಾಚಾ ಎಂಬ ಹಸಿರು ಚಹಾಪುಡಿಯದ್ದು, ಆಜುಮಿನೋದ ವಸಾಬಿ ತೋಟದಲ್ಲಿ ಮೂಗಿಗೇರುವ ಖಾರದ ವಸಾಬಿಯದ್ದು, ಫುರಾನೊ ಬಳಿಯ ತೋಮಿತಾ ತೋಟದಲ್ಲಿ ಲ್ಯಾವೆಂಡರ್‌ನದ್ದು. ಲ್ಯಾವೆಂಡರ್ ಹೂ ಬಿಡುವುದು ಜುಲೈಯಲ್ಲಿ, ಹಾಗಾಗಿ ನನ್ನ ಗೆಳತಿಯ ಟಿಕೆಟ್ಟು ಸರಿಯಾದ ಹೊತ್ತಿಗೇ ಬಿದ್ದಿದೆ. ಟೋಕಿಯೋದ ನಾಕಾನೊ ಬ್ರಾಡ್‌ವೇ ಕಟ್ಟಡದ ನೆಲಮಾಳಿಗೆಯಲ್ಲಿ ಡೈಲಿ ಚಿಕೊ ಎಂಬ ಅಂಗಡಿಯಿದೆ. ಎಂಟು ರುಚಿಯನ್ನು ಒಂದರ ಮೇಲೊಂದು ಸುತ್ತಿ ಗೋಪುರ ಕಟ್ಟಿ ಕೊಡುತ್ತಾರೆ. ಹುಡುಗನಿಗೆ ಅದು ಜನ್ಮಸಾರ್ಥಕ, ನನಗೆ ಐದನೇ ಅಂತಸ್ತಿನ ಹೊತ್ತಿಗೆ ಎಲ್ಲ ಒಂದೇ ರುಚಿ.

ಪ್ರೀಮಿಯಂ ಎಂಬ ಮಾತಿಗೆ ಜಪಾನಿನಲ್ಲಿ ಹೆಸರಾದದ್ದು ಕ್ರೆಮಿಯಾ. ನಿಸ್ಸೇ ಎಂಬ ಕಂಪನಿ 2013ರಲ್ಲಿ ತಂದದ್ದು, ಹಾಲಿನ ಕೊಬ್ಬು ಶೇಕಡಾ 12.5. ಸಾಮಾನ್ಯ ಸಾಫ್ಟಿಯ ಎರಡು ಪಟ್ಟಿಗಿಂತ ಜಾಸ್ತಿ. ಸುರುಳಿ ಸುತ್ತುವುದಿಲ್ಲ, ಸೀರೆಯ ನೆರಿಗೆಯ ಹಾಗೆ ಇಳಿಬಿದ್ದಿರುತ್ತದೆ. ದೇಶದ ಬೇರೆಬೇರೆ ಕೆಫೆಗಳಲ್ಲಿ, ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಸಿಗುತ್ತದೆ. ಬಾಗಿಲ ಬಳಿ ಆಳೆತ್ತರದ ಪ್ಲಾಸ್ಟಿಕ್ ಕೋನ್ ನಿಲ್ಲಿಸಿದ್ದರೆ ಒಳಗೆ ಯಾವುದಾದರೊಂದು ಸಾಫ್ಟಿ ಇದೆ ಎಂದರ್ಥ. ಹೊಕ್ಕೈದೊ ದ್ವೀಪಕ್ಕೆ ಹೋಗುವವರು ಬ್ರ್ಯಾಂಡ್ ಹುಡುಕುವುದೇ ಬೇಡ. ಜಪಾನಿನ ಹಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಅಲ್ಲಿಂದ. ಸಪ್ಪೊರೊದ ನ್ಯೂ ಚಿತೊಸೆ ವಿಮಾನ ನಿಲ್ದಾಣದಲ್ಲೇ ಸಾಫ್ಟಿಯ ಅಂಗಡಿ ಸಾಲುಸಾಲಾಗಿವೆ. ವಿಮಾನಕ್ಕೆ ಎರಡು ಗಂಟೆ ಮೊದಲು ಹೋಗಿ ಎನ್ನುವ ನಿಯಮಕ್ಕೆ ಅಲ್ಲಿ ಇನ್ನೊಂದು ಗಂಟೆ ಸೇರಿಸಿ.

ಸಸ್ಯಾಹಾರಿಗಳು ಕೇಳಲೇಬೇಕಾದದ್ದು

ಇಲ್ಲಿ ನನ್ನದೊಂದು ತಪ್ಪು ಹೇಳಿಕೊಳ್ಳಬೇಕು. ಮೊದಲ ದಿನ ಅಮ್ಮನಿಗೆ ಸಾಫ್ಟಿ ಕೊಡಿಸುವಾಗ ಮಿಶ್ರಣದಲ್ಲಿ ಮೊಟ್ಟೆ ಇದೆಯಾ ಎಂದು ಕೇಳಿದೆ. ಇಲ್ಲ ಎಂದರು. ಅಮ್ಮ ಕೋನ್‌ನ ಅಂಚನ್ನು ಕಚ್ಚಿ, "ಈ ಬಿಸ್ಕತ್ತು ಚಂದ ಉಂಟು ಮಾರಾಯ್ತಿ, ಬೆಣ್ಣೆ ಬೆಣ್ಣೆ" ಎಂದು ಮೆಚ್ಚಿ ತಿಂದರು. ರಾತ್ರಿ ಹೋಟೆಲಿನಲ್ಲಿ ಫೋನಿನಲ್ಲಿ ಓದುತ್ತಿದ್ದಾಗ ತಿಳಿಯಿತು, ಆ ಬಗೆಯ ತೆಳು ಬಿಸ್ಕತ್ತನ್ನು ಮೊಟ್ಟೆಯ ಬಿಳಿಯಿಂದ ಮಾಡುತ್ತಾರೆ ಎಂದು. ಲಾಂಗ್ ದ ಶಾ ಎಂಬುದು ಅದರ ಫ್ರೆಂಚ್ ಹೆಸರು, ಬೆಕ್ಕಿನ ನಾಲಗೆ ಅಂತ ಅರ್ಥ. ಕ್ರೆಮಿಯಾದ ಕೋನ್ ಕೂಡ ಅದೇ ಜಾತಿ. ಅಂಗಡಿಯವಳು ಸುಳ್ಳು ಹೇಳಿರಲಿಲ್ಲ, ನಾನು ಕೋನ್‌ನ ಬಗ್ಗೆ ಕೇಳಿರಲಿಲ್ಲ. ಅಮ್ಮನಿಗೆ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲದೆ ತಿಂದದ್ದು ಅಲ್ಲವಾ, ನಾಳೆಯಿಂದ ಕಪ್‌ನಲ್ಲಿ ಕೊಡಿಸು" ಎಂದರು.

ಹಾಗಾಗಿ ಪ್ರಶ್ನೆ ಎರಡು ಸಲ ಕೇಳಿ: ಒಮ್ಮೆ ಮಿಶ್ರಣಕ್ಕೆ, ಒಮ್ಮೆ ಕೋನ್‌ಗೆ. ಜೊತೆಗೆ ಜೆಲಟಿನ್ ಇದೆಯಾ ಎಂದೂ ಕೇಳಿ. ಕೆಲವು ಮಿಶ್ರಣಗಳಲ್ಲಿ ಗಟ್ಟಿತನಕ್ಕೆ ಪ್ರಾಣಿಮೂಲದ ಜೆಲಟಿನ್ ಹಾಕುತ್ತಾರೆ. ಜಪಾನಿಯಲ್ಲಿ ಮೊಟ್ಟೆಗೆ 'ತಮಾಗೊ', ಜೆಲಟಿನ್‌ಗೆ 'ಜೆರಾಚಿನ್'. "ತಮಾಗೊ ಹಾಯಿತ್ತೆ ಇಮಾಸ್ ಕಾ?" ಅಂದರೆ ಮೊಟ್ಟೆ ಸೇರಿದೆಯಾ ಎಂದು. ಫೋನಿನ ಅನುವಾದದಲ್ಲಿ ಮೊದಲೇ ಬರೆಸಿ, ಅದರ ಚಿತ್ರ ತೆಗೆದು ಇಟ್ಟುಕೊಳ್ಳಿ. ಇಂಟರ್ನೆಟ್ ಕೈಕೊಟ್ಟರೂ ತೋರಿಸಬಹುದು. ಅಲ್ಲಿ ಅನೇಕ ಅಂಗಡಿಗಳು ಅಲರ್ಜಿಯ ಪಟ್ಟಿ ಇಟ್ಟಿರುತ್ತವೆ, ನಾಚಿಕೊಳ್ಳದೆ ಕೇಳಿ. ನೀವು ಕಿರಿಕಿರಿ ಗಿರಾಕಿ ಎಂದು ಯಾರೂ ಮುಖ ಗಂಟಿಕ್ಕುವುದಿಲ್ಲ.

ಕೌಂಟರಿನ ಮುಂದೆ

ಮೊದಲ ಸಲ ಯಾವ ಅಂಗಡಿಗೆ ಹೋದರೂ ಸಾದಾ ಹಾಲಿನದ್ದನ್ನೇ ತೆಗೆದುಕೊಳ್ಳಿ. ಜಪಾನಿನಲ್ಲಿ 'ಮಿರುಕು' ಬೇರೆ, 'ಬನಿರಾ' ಬೇರೆ. ಮಿರುಕು ಎಂದರೆ ವೆನಿಲಾ ಪರಿಮಳವೂ ಇಲ್ಲದ ಬರೀ ಹಾಲು. ಮಾಚಾ, ಚಾಕೊಲೇಟು ಎಲ್ಲ ಹಾಲಿನ ದೋಷ ಮುಚ್ಚುತ್ತವೆ, ಸಾದಾ ಹಾಲಿನಲ್ಲಿ ಮುಚ್ಚಲು ಜಾಗವೇ ಇಲ್ಲ. ಅದು ಮನಸ್ಸಿಗೆ ಬಂದರೆ ಎರಡನೇ ಸಲ 'ಮಿಕ್ಕುಸು' ಕೇಳಿ. ಯಂತ್ರದ ನಡುವಿನ ಮೂತಿಯಿಂದ ಎರಡು ರುಚಿ ಜಡೆ ಹೆಣೆದಂತೆ ಬರುತ್ತದೆ.

ಕೋನ್ ಬೇಡವಾದರೆ 'ಕಪ್ಪು' ಅನ್ನಿ. ಅಲ್ಲಿನ ಉಚ್ಚಾರದಲ್ಲಿ ಕಪ್ಪು ಎಂದರೆ ಕಪ್. ಇದನ್ನು ಅಮ್ಮನಿಗೆ ಹೇಳಿಕೊಡಲು ಮರೆತೆ. ಟೋಕಿಯೋದ ಆಸಾಕುಸಾದಲ್ಲಿ ಒಂದು ಅಂಗಡಿಯ ಬೋರ್ಡಿನಲ್ಲಿ ಕರಿಎಳ್ಳಿನ ಸಾಫ್ಟಿಯ ಚಿತ್ರವಿತ್ತು, ಡಾಂಬರಿನಷ್ಟು ಕಪ್ಪು. ಹುಡುಗ ಹಾಲಿನದ್ದು ತೆಗೆದುಕೊಂಡು ಬದಿಗೆ ಸರಿದ. ಅಮ್ಮ ಬೆರಳನ್ನು ಬೋರ್ಡಿನ ಕಡೆ ಆಡಿಸಿ ಧೈರ್ಯವಾಗಿ, "ಕಪ್ಪು, ಕಪ್ಪು" ಎಂದರು. ಅಂಗಡಿಯ ಹುಡುಗಿ ನಗುತ್ತ "ಹಾಯ್, ಕಪ್ಪು" (ಹಾಯ್ ಅಂದರೆ ಅಲ್ಲಿ ಹೌದು) ಎಂದು ತಲೆ ಬಾಗಿಸಿ, ಹುಡುಗನಿಗೆ ಕೊಟ್ಟ ಹಾಲಿನ ಸಾಫ್ಟಿಯನ್ನೇ ಕಪ್‌ನಲ್ಲಿ ಹಾಕಿ ಎರಡೂ ಕೈಯಲ್ಲಿ ಕೊಟ್ಟಳು. ಅಮ್ಮ ನನ್ನ ಮುಖ ನೋಡಿದರು. "ಕಪ್ಪು ಕಪ್ಪು ಅಂತ ಅವಳೇ ಹೇಳ್ತಾಳೆ, ಕೊಟ್ಟದ್ದು ಬಿಳಿ!" ಕರಿಎಳ್ಳು ಬೇಕಿದ್ದರೆ 'ಕುರೊಗೊಮಾ' ಅನ್ನಬೇಕು. ಬಾಯಿಪಾಠ ಮಾಡಿಕೊಳ್ಳಿ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕೆಲವು ಸಣ್ಣ ಅಂಗಡಿಗಳಲ್ಲಿ ಬಾಗಿಲ ಬಳಿ ಟಿಕೆಟ್ ಯಂತ್ರ ಇರುತ್ತದೆ, ನಾಣ್ಯ ಹಾಕಿ ಗುಂಡಿ ಒತ್ತಿ ಚೀಟಿ ತಂದು ಕೊಡಬೇಕು. ಹಾಗಾಗಿ ಚಿಲ್ಲರೆ ಇರಲಿ. ಸಾದಾ ಸಾಫ್ಟಿಗೆ 300ರಿಂದ 500 ಯೆನ್, ಪ್ರೀಮಿಯಂಗೆ ಅದರ ಮೇಲೆ. ಒಯ್ಯುವುದಾದರೆ ತೆರಿಗೆ ಶೇಕಡಾ 8, ಅಲ್ಲೇ ಕೂತು ತಿನ್ನುವುದಾದರೆ 10. ಕಾರ್ಡ್ ಉಜ್ಜಿದಾಗ ಯಂತ್ರ ಯೆನ್ ಬೇಕೋ ರೂಪಾಯಿ ಬೇಕೋ ಎಂದು ಕೇಳಿದರೆ ಯೆನ್ನೇ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ ದರಕ್ಕೆ ನೀವು ತಲೆಬಾಗಿದ ಹಾಗೆ. ಈ ಮಾತು ದುಬೈ, ಸಿಂಗಾಪುರ, ಲಂಡನ್ ಎಲ್ಲ ಕಡೆಗೂ ಸಲ್ಲುತ್ತದೆ.

ಸರದಿಯಲ್ಲಿ ನಿಂತಾಗ ಯಂತ್ರದ ಮೂತಿಯ ಮೇಲೆ ಕಣ್ಣಿಡಿ. ಒಣಗಿದ ಹಾಲಿನ ಕರೆ ಕಟ್ಟಿದ್ದರೆ ಹಿಂದಿರುಗಿ. ಜನ ಬಂದುಹೋಗುತ್ತಿರುವ ಅಂಗಡಿಯಲ್ಲಿ ಮಿಶ್ರಣ ನಿಲ್ಲದೆ ಹೊಸತಾಗಿ ಬರುತ್ತಿರುತ್ತದೆ. ಖಾಲಿ ಅಂಗಡಿಯ ಯಂತ್ರದಲ್ಲಿ ಅದೇ ಮಿಶ್ರಣವನ್ನು ಹೊತ್ತುಗಟ್ಟಲೆ ಕಡೆದೂ ಕಡೆದೂ ಅದು ಮರಳು ಮರಳಾಗುತ್ತದೆ. ನಾಲಗೆಗೆ ಕಣ ಸಿಕ್ಕಿದರೆ ದುಡ್ಡು ಹೋದರೂ ಬಿಸಾಡಿ. ಬಸುರಿಯರು ಇದ್ದರೆ ಸಾಫ್ಟಿಯನ್ನು ಬಿಟ್ಟೇಬಿಡುವುದು ಒಳ್ಳೆಯದು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಭಯಕ್ಕೆ ಆಸ್ಟ್ರೇಲಿಯಾದ ಆಹಾರ ಇಲಾಖೆಗಳು ಗರ್ಭಿಣಿಯರಿಗೆ ಯಂತ್ರದ ಸಾಫ್ಟಿ ಬೇಡ ಎಂದು ಸ್ಪಷ್ಟವಾಗಿ ಹೇಳುತ್ತವೆ.

ಕೈಗೆ ಬಂದ ಮೇಲೆ

ಇನ್ನು ಮಾತು ಕಡಿಮೆ, ಕೆಲಸ ಜಾಸ್ತಿ. ಜುಲೈಯ ಟೋಕಿಯೋ ನಮ್ಮ ಮೇ ತಿಂಗಳ ಮುಂಬಯಿಯಷ್ಟೇ ಬೆವರಿಳಿಸುತ್ತದೆ. ನಿಮಗಿರುವುದು ಕೆಲವೇ ನಿಮಿಷ. ಫೋಟೊ ಒಂದು ತೆಗೆಯಿರಿ, ಸಾಕು. ಎಲ್ಲರೂ ತುದಿಯಿಂದ ಶುರು ಮಾಡುತ್ತಾರೆ. ತುದಿ ಕಾಯುತ್ತದೆ, ಕರಗುವುದು ಕೋನ್‌ನ ಬಾಯಿಯ ಅಂಚಿನಲ್ಲಿ. ಅಲ್ಲಿ ಒಂದು ಸುತ್ತು ನಾಲಗೆ ಆಡಿಸಿ, ಕೋನ್ ತಿರುಗಿಸುತ್ತ ಮೇಲಕ್ಕೆ ಹೋಗಿ. ಮೊದಲ ತುತ್ತನ್ನು ನುಂಗದೆ ಅಂಗುಳಿಗೆ ಒತ್ತಿ ಹಿಡಿಯಿರಿ. ಒಳ್ಳೆಯದಾದರೆ ಮೊದಲು ತಂಪು, ಆಮೇಲೆ ಸಿಹಿ, ಕೊನೆಗೆ ಕಾಯಿಸಿದ ಹಾಲಿನ ಕೆನೆಯ ವಾಸನೆ ಮೂಗಿಗೆ ಏರುತ್ತದೆ. ಸಪ್ಪೊರೊದಲ್ಲಿ ಅದು ಏರಿದಾಗ ಅಮ್ಮ, "ನಮ್ಮ ಹಟ್ಟಿಯ ಕರಾವಿನ ಹಾಲು ಹೀಗೇ ಇತ್ತು" ಎಂದು ಕಣ್ಣು ಮುಚ್ಚಿ ನಿಂತರು. ಅವರ ಕಪ್‌ನಲ್ಲಿದ್ದದ್ದು ಅರ್ಧ ಕರಗಿತು, ನಾನು ಎಚ್ಚರಿಸಲಿಲ್ಲ.

ಬಿಸ್ಕತ್ತಿನ ಕೋನ್ ಆದರೆ ಗಟ್ಟಿಯಾಗಿ ಹಿಡಿಯಬೇಡಿ, ಹಪ್ಪಳದ ಹಾಗೆ ಪಟ್ಟನೆ ಒಡೆಯುತ್ತದೆ. ಸುತ್ತಿದ ಕಾಗದವನ್ನು ಕೊನೆಯವರೆಗೂ ಬಿಚ್ಚಬೇಡಿ.

ನಡೆಯುತ್ತ ತಿನ್ನುವುದು ನಮಗೆ ಅಭ್ಯಾಸ, ಜಪಾನಿನಲ್ಲಿ ಅದನ್ನು ಅಷ್ಟು ಮೆಚ್ಚುವುದಿಲ್ಲ. ಕಾಮಾಕುರಾ ಊರಿನವರು 2019ರಲ್ಲಿ ಜನಜಂಗುಳಿಯಲ್ಲಿ ನಡೆಯುತ್ತ ತಿನ್ನಬೇಡಿ ಎಂದು ನಿಯಮವನ್ನೇ ಮಾಡಿದರು, ದಂಡ ಇಲ್ಲ ಅಷ್ಟೇ. ಅಂಗಡಿಯ ಎದುರೇ ನಿಂತು ತಿಂದು, ಕಾಗದವನ್ನು ಅವರ ಡಬ್ಬಿಗೇ ಹಾಕಿ. ರಸ್ತೆಯಲ್ಲಿ ಕಸದ ಡಬ್ಬಿ ಹುಡುಕಿದರೂ ಸಿಗುವುದಿಲ್ಲ. ಸಿಂಗಾಪುರದ ಮೆಟ್ರೊ ಆದ ಎಮ್‌ಆರ್‌ಟಿಯಲ್ಲಿ ತಿಂದರೆ 500 ಸಿಂಗಾಪುರ ಡಾಲರ್‌ವರೆಗೆ ದಂಡ, ದುಬೈ ಮೆಟ್ರೊದಲ್ಲಿ 100 ದಿರ್ಹಮ್. ನಮ್ಮ ಲೋಕಲ್‌ನಲ್ಲಿ ವಡಾಪಾವ್ ತಿಂದ ಧೈರ್ಯ ಅಲ್ಲಿ ತೋರಿಸಬೇಡಿ. ಮೆಟ್ರೊ ಹತ್ತುವ ಮೊದಲೇ ಮುಗಿಸಿ.

ಚಿನ್ನದ ಸಾಫ್ಟಿ ತಿನ್ನಬೇಕಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಜಪಾನಿನ ಚಿನ್ನದ ತಗಡು ಸುಮಾರು ಶೇಕಡಾ 99ರಷ್ಟು ತಯಾರಾಗುವುದು ಕನಜಾವಾದಲ್ಲಿ. ಅಲ್ಲಿ ಸಾಫ್ಟಿಗೆ ಒಂದು ಇಡೀ ಹಾಳೆ ಹೊದಿಸಿ ಕೊಡುತ್ತಾರೆ, ನಾವು ಹೋದಾಗ ಸುಮಾರು ಸಾವಿರ ಯೆನ್. ಹಾಳೆ ಎಷ್ಟು ತೆಳು ಎಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ನಮ್ಮ ಮಿಠಾಯಿ ಮೇಲಿನ ಬೆಳ್ಳಿ ವರ್ಖದ ಶ್ರೀಮಂತ ಅಕ್ಕ ಎನ್ನಿ. ರುಚಿ? ಇಲ್ಲವೇ ಇಲ್ಲ. ಅಂಗಡಿಯಾಕೆ ಚಿಮಟದಲ್ಲಿ ಉಸಿರು ಬಿಗಿಹಿಡಿದು ಹೊದಿಸುವುದನ್ನು ನೋಡುವುದೇ ಅರ್ಧ ದುಡ್ಡಿಗೆ ಸಮ. ಹೊರಗೆ ಬಂದಾಗ ಗಾಳಿ ಬೀಸಿ ಹಾಳೆಯ ಒಂದು ಮೂಲೆ ಎದ್ದು ಅಮ್ಮನ ಮೂಗಿಗೂ ತುಟಿಗೂ ಅಂಟಿತು. ಒರೆಸಲು ಹೋದಷ್ಟೂ ಹರಡಿತು. "ನನ್ನ ಮದುವೆಗೂ ಮುಖದ ಮೇಲೆ ಇಷ್ಟು ಚಿನ್ನ ಇರಲಿಲ್ಲ" ಎಂದರು ಅಮ್ಮ. ಆ ಫೋಟೊ ಈಗ ಮನೆಯ ಫ್ರಿಜ್ಜಿನ ಮೇಲೆ ಇದೆ.

ತಿನ್ನಿ, ಒಬ್ಬರಿಗೆ ಒಂದಲ್ಲ, ಮೂವರಿಗೆ ಒಂದು. ಅದೂ ಅಂಗಡಿಯ ಒಳಗೇ, ಮತ್ತು ಬೇರೆಲ್ಲಾದರೂ ಸಾದಾ ಹಾಲಿನದ್ದು ತಿಂದ ಮೇಲೆ.

ಮನೆಗೆ ಏನು ತರಬಹುದು

ಸಾಫ್ಟಿ ತರಲಾಗದು. ಸಪ್ಪೊರೊದ ಶಿರೋಯ್ ಕೊಯ್‌ಬಿತೊ ಬಿಸ್ಕತ್ತು ತರಬಹುದು, 1976ರಿಂದ ಮಾಡುತ್ತಿದ್ದಾರೆ. ಅದೇ ಬೆಕ್ಕಿನ ನಾಲಗೆಯ ಎರಡು ಪದರದ ನಡುವೆ ಬಿಳಿ ಚಾಕೊಲೇಟು. ವಿಮಾನ ನಿಲ್ದಾಣದಲ್ಲೇ ಸಿಗುತ್ತದೆ, ಚೆಕ್-ಇನ್ ಬ್ಯಾಗಿನ ಅಡಿಗೆ ಹಾಕಿದರೆ ಪುಡಿಯಾಗುತ್ತದೆ, ಕೈಚೀಲದಲ್ಲಿ ಇಟ್ಟುಕೊಳ್ಳಿ.

ನಾವು ಮೂರು ಡಬ್ಬಿ ತಂದೆವು. ಬಂದ ಮರುದಿನ ಅಮ್ಮ ತಾವು ಮುಟ್ಟದ ಆ ಡಬ್ಬಿ ಹಿಡಿದು ಬಿಲ್ಡಿಂಗಿನ ನಾಲ್ಕೂ ಮಹಡಿ ಹತ್ತಿದರು. ಪ್ರತಿ ಬಾಗಿಲಲ್ಲೂ ಅವರ ಸ್ವರ ಮೆಟ್ಟಿಲವರೆಗೆ ಕೇಳುತ್ತಿತ್ತು: "ಮೊಟ್ಟೆ ಉಂಟು ಇದರಲ್ಲಿ, ಮೊದಲೇ ಹೇಳಿದ್ದೇನೆ. ಆಮೇಲೆ ನನ್ನ ಮಗಳ ಹಾಗೆ ರಾತ್ರಿ ಓದಿ ಹೇಳಬೇಡಿ!"